ಅಂಗಿಯ ಕಾಲರ್ ಕಚ್ಚುವ ಮಗುವಿಗೆ ಯಾವ ಆಟಿಕೆ?

‘ಐದು ವರ್ಷದ ಮಗ ಕಾಲರ್ ಕಚ್ಚತಾನ, ಮಿಕ್ಸರ್ ಸಪ್ಪಳಕ್ಕ ಕಿವಿ ಮುಚ್ಚಿಕೊಳ್ಳತಾನ. ಹುಬ್ಬಳ್ಳಿಯಾಗ ಎಂಥಾ ಆಟಿಕೆ ಕೊಡಸೂಣ್ರಿ?’ ಎಂದು ಕೇಳಿದ್ದೀರಿ.

‘ಸೆನ್ಸರಿ ಟಾಯ್’ (ಮುಟ್ಟುವ, ಕೇಳುವ, ಜಗಿಯುವಂಥ ಅನುಭವ ಕೊಡುವ ಆಟಿಕೆ) ಎಂಬ ಚೀಟಿ ನೋಡಬೇಡಿ. ಮಗು ಏನನ್ನು ಹುಡುಕುತ್ತಿದೆ, ಯಾವುದರಿಂದ ದೂರ ಓಡುತ್ತಿದೆ ಎಂದು ನೋಡಿ ಆರಿಸಿ. ನಿಮ್ಮವನಿಗೆ ಜಗಿಯಲೆಂದೇ ಮಾಡಿದ ಗಟ್ಟಿ ಸಿಲಿಕೋನ್ ಆಟಿಕೆ ಸಾಕು. ಜಾತ್ರೆ, ಮದುವೆಯ ಗದ್ದಲಕ್ಕೆ ಕಿವಿ ಮುಚ್ಚುವ ಇಯರ್‌ಮಫ್ ಇರಲಿ, ಆದರೆ ದಿನವಿಡೀ ಬೇಡ, ಕಿವಿ ಇನ್ನಷ್ಟು ನಾಜೂಕಾಗಬಹುದು. ಕೂಗುವ, ಮಿಣುಕುವ ಬ್ಯಾಟರಿ ಆಟಿಕೆಯಂತೂ ಬೇಡವೇ ಬೇಡ.

ಜಗಿಯುವಾಗ, ಎಳೆಯುವಾಗ, ಭಾರ ಹೊರುವಾಗ ಸ್ನಾಯು ಮತ್ತು ಕೀಲುಗಳಿಂದ ಮೆದುಳಿಗೆ ‘ದೇಹ ಎಲ್ಲಿದೆ, ಹೇಗಿದೆ’ ಎಂಬ ಸುದ್ದಿ ಹೋಗುತ್ತದೆ. ಹಲವು ಮಕ್ಕಳಿಗೆ ಈ ಒತ್ತಡದಿಂದಲೇ ಸಮಾಧಾನ. ಹಾಗಾಗಿ ದುಡ್ಡು ಸುರಿಯುವ ಮೊದಲು ಅಡುಗೆಮನೆ ನೋಡಿ. ಜೋಳದ ಹಿಟ್ಟು ನಾದಲಿ, ರೊಟ್ಟಿ ಬಡಿಯಲಿ. ತಾನೇ ಮಾಡುವ ಸಪ್ಪಳ ಮೊದಲೇ ಗೊತ್ತಿರುವುದರಿಂದ ಅಷ್ಟು ಬೆದರಿಸುವುದಿಲ್ಲ. ಅಜ್ಜಿಯ ಕೌದಿ ಸುತ್ತಿಕೊಂಡು ಕೂರಲಿ. ಮುಖ ಮಾತ್ರ ಹೊರಗಿರಬೇಕು, ತಾನೇ ಬಿಡಿಸಿಕೊಳ್ಳುವಂತಿರಬೇಕು.

ಮೈಮೇಲೆ ಒತ್ತಡ ಬೀಳಲೆಂದು ತೂಕ ತುಂಬಿದ ದುಬಾರಿ ಜಾಕೆಟ್‌ಗೆ ನಾನು ಅವಸರ ಮಾಡುವುದಿಲ್ಲ, ಅದರ ಪುರಾವೆ ತೆಳು. ಊಟ, ನಿದ್ದೆ, ಶಾಲೆಗೇ ತೊಡಕಾದರೆ ದಿನನಿತ್ಯದ ಕೆಲಸಗಳನ್ನು ಮಾಡಲು ನೆರವಾಗುವ ಚಿಕಿತ್ಸಕರಾದ ಆಕ್ಯುಪೇಷನಲ್ ಥೆರಪಿಸ್ಟ್‌ಗೆ ತೋರಿಸಿ.