ನಲವತ್ತು ವರ್ಷ ಒಂದೇ ಕಡೆ ದುಡಿದವರಿಗೆ ಪಿಂಚಣಿ ಬಿಟ್ಟು ಏನು ಉಳಿಯುತ್ತದೆ?

ನಿಮ್ಮ ಪ್ರಶ್ನೆ ಹೀಗಿತ್ತು: ನಿಮಗೆ 28 ವರ್ಷ, ಈಗಾಗಲೇ ಮೂರು ಕಂಪನಿ ಬದಲಾಯಿಸಿದ್ದೀರಿ. ಒಂದೇ ಕಡೆ ಬದುಕಿಡೀ ದುಡಿದು ನಿವೃತ್ತರಾದವರಿಗೆ ಕೊನೆಗೆ ಪಿಂಚಣಿ ಬಿಟ್ಟು ಏನು ಉಳಿಯುತ್ತದೆ, ಯಾರಿಗಾದರೂ ಥ್ಯಾಂಕ್ಸ್ ಹೇಳಬೇಕು ಅನ್ನಿಸುತ್ತದಾ ಅಂತ ಕೇಳಿದ್ದೀರಿ.

ಪಿಂಚಣಿ ಬಿಟ್ಟು ಅಂತ ಸಲೀಸಾಗಿ ಹೇಳಿಬಿಟ್ಟಿರಿ. ಅದು ಸಣ್ಣ ಮಾತಲ್ಲಪ್ಪ. ತಿಂಗಳ ಕೊನೆಗೆ ಬ್ಯಾಂಕಿನ ಮೆಸೇಜ್ ಬಂದಾಗ ಆಗುವ ಸಮಾಧಾನ ನಿಮಗೆ 60 ದಾಟಿದ ಮೇಲೆ ಗೊತ್ತಾಗುತ್ತದೆ. ಇರಲಿ. ಥ್ಯಾಂಕ್ಸ್ ಹೇಳುವ ವಿಚಾರಕ್ಕೆ ನನ್ನ ಹತ್ತಿರ ಉತ್ತರ ಸ್ವಲ್ಪ ಉದ್ದವೇ ಇದೆ.

ನಾನು ದಾವಣಗೆರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. 1979ರಲ್ಲಿ ಸೇರಿದಾಗ ಅದು ಅಂಚೆ ಮತ್ತು ತಂತಿ ಇಲಾಖೆ. 1985ರಲ್ಲಿ ಅಂಚೆ ಬೇರೆ, ದೂರಸಂಪರ್ಕ ಬೇರೆ ಆಯಿತು. 2000ದ ಅಕ್ಟೋಬರ್ 1ಕ್ಕೆ ಬಿಎಸ್‌ಎನ್‌ಎಲ್ ಆಯಿತು. ಬಾಗಿಲ ಮೇಲಿನ ಬೋರ್ಡ್ ಬದಲಾಗುತ್ತಾ ಹೋಯಿತು, ಒಳಗೆ ಕೂತವರು ನಾವೇ. 2018ರಲ್ಲಿ ನಿವೃತ್ತಿ ಆಯಿತು.

ಆ ಕೆಲಸ ಏನು ಅಂತ ನಿಮ್ಮ ವಯಸ್ಸಿನವರಿಗೆ ಬಿಡಿಸಿ ಹೇಳಬೇಕು. ಬೇರೆ ಊರಿಗೆ ಮಾತಾಡಬೇಕು ಅಂದರೆ 180ಕ್ಕೆ ಫೋನ್ ಮಾಡಿ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ನಾವು ಚೀಟಿಯಲ್ಲಿ ಊರು, ನಂಬರ್, ಸಮಯ ಬರೆದುಕೊಳ್ಳುತ್ತಿದ್ದೆವು. ಆ ಚೀಟಿಗೆ ಟಿಕೆಟ್ ಅಂತ ಹೆಸರು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಕಾಲ್‌ಗಳಲ್ಲಿ ದರ್ಜೆ. ಅರ್ಜೆಂಟ್‌ಗೆ ಎರಡು ಪಟ್ಟು ದುಡ್ಡು, ಲೈಟ್ನಿಂಗ್‌ಗೆ ಎಂಟು ಪಟ್ಟು. ಆರ್ಡಿನರಿ ಬುಕ್ ಮಾಡಿದವರು ಬೆಳಿಗ್ಗೆಯಿಂದ ಸಂಜೆವರೆಗೆ ಕಾದದ್ದೂ ಇದೆ. ಲೈನ್ ಸಿಕ್ಕರೆ ಸ್ವಿಚ್‌ಬೋರ್ಡಿಗೆ ವೈರ್ ಚುಚ್ಚಿ ಎರಡೂ ಕಡೆಯವರನ್ನು ಸೇರಿಸುತ್ತಿದ್ದೆವು. ಮೂರು ನಿಮಿಷ ಆದ ಕೂಡಲೇ "ತ್ರೀ ಮಿನಿಟ್ಸ್ ಆಯ್ತು, ಮುಂದುವರಿಸ್ತೀರಾ?" ಅಂತ ನಡುವೆ ಬಾಯಿ ಹಾಕಬೇಕು. ಆ ಒಂದು ಮಾತಿಗೆ ಜನ ಎಷ್ಟು ಬೈದಿದ್ದಾರೋ!

ನಾನು ಹೇಳಬೇಕು ಅಂದುಕೊಂಡಿರುವುದು ರಕ್ತದಾನದ ವಿಚಾರ. ಅದು ಟೆಲಿಫೋನ್ ಎಕ್ಸ್‌ಚೇಂಜಿಗೆ ಯಾಕೆ ಬಂತು ಅಂತೀರಾ?

ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜು ಶುರುವಾಗಿದ್ದು 1965ರಲ್ಲಿ. ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯಿಂದೆಲ್ಲ ರೋಗಿಗಳು ಇಲ್ಲಿಗೇ ಬರುತ್ತಿದ್ದರು. ಸಾಲದ್ದಕ್ಕೆ ಪುಣೆ-ಬೆಂಗಳೂರು ಹೆದ್ದಾರಿ ಊರಿನ ಮಗ್ಗುಲಲ್ಲೇ. ಆಪರೇಷನ್‌ಗೆ, ಹೆರಿಗೆಗೆ, ಅಪಘಾತಕ್ಕೆ ರಕ್ತ ಬೇಕು ಅಂತ ಡಾಕ್ಟರು ಹೇಳಿದ ತಕ್ಷಣ ರೋಗಿಯ ಕಡೆಯವರು ನಮ್ಮ ಕೌಂಟರಿಗೆ ಓಡಿ ಬರುತ್ತಿದ್ದರು, ಊರಿಗೆ ಟ್ರಂಕ್ ಹಾಕಿ ಅಣ್ಣನನ್ನೋ ಭಾವನನ್ನೋ ಕರೆಸೋಕೆ. ಊರಲ್ಲಿ ಫೋನ್ ಇದ್ದದ್ದು ಪೋಸ್ಟಾಫೀಸಿನಲ್ಲಿ ಒಂದೇ. ಸಂಜೆ ಆದರೆ ಅದಕ್ಕೂ ಬೀಗ. ಆ ಜನ ಬೆಂಚಿನ ಮೇಲೆ ಕೂತು ಕಾಯುವುದನ್ನು ನಾವು ದಿನಾ ನೋಡುತ್ತಿದ್ದೆವು.

ನನ್ನ ಪಕ್ಕ ಕೂರುತ್ತಿದ್ದ ಸೀನಿಯರ್ ಅಕ್ಕ ಒಬ್ಬರಿದ್ದರು. ಒಂದು ಸಂಜೆ ಹೆಡ್‌ಸೆಟ್ ತೆಗೆದಿಟ್ಟು, "ಅಲ್ಲ ಕಣೇ, ಅರವತ್ತು ಕಿಲೋಮೀಟರ್‌ನಿಂದ ಇವರ ಭಾವ ಬರಬೇಕಾ? ನಮ್ಮ ಲೈನ್‌ಮನ್‌ಗಳು ಕೆಳಗೆ ಟೀ ಕುಡೀತಾ ಕೂತಿದ್ದಾರಲ್ಲ" ಅಂದರು. ಕೆಳಗೆ ಹೋಗಿ ಕೇಳಿದರು. ಇಬ್ಬರು ಸೈಕಲ್ ಹತ್ತಿ ಆಸ್ಪತ್ರೆಗೆ ಹೋದರು. ಯಾವ ಸಂಘವೂ ಇಲ್ಲ, ಉದ್ಘಾಟನೆಯೂ ಇಲ್ಲ, ಶುರುವಾಗಿದ್ದು ಅಷ್ಟೇ.

ಆಮೇಲೆ ಅಕ್ಕ ರಕ್ತ ಕೊಡುವವರದ್ದು ಒಂದು ನೋಟ್‌ಬುಕ್ ಮಾಡಿದರು. ರಕ್ತದ ಗುಂಪಿನ ಪ್ರಕಾರ ಹೆಸರು, ವಿಳಾಸ, ಫೋನ್ ನಂಬರ್. ನಂಬರ್ ಅಂದರೆ ಸ್ವಂತದ್ದಲ್ಲ. ಫೋನ್‌ಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಕಾಲ ಅದು. ಹಾಗಾಗಿ ಹೆಚ್ಚಿನವು ಪಿಪಿ ನಂಬರ್‌ಗಳು, ಅಂದರೆ ಬೇರೆಯವರ ಫೋನ್‌ಗೆ ಮಾಡಿ ಕರೆಸುವವು: ಪಕ್ಕದ ಮನೆ, ಕಿರಾಣಿ ಅಂಗಡಿ, ಖಾನಾವಳಿ, ಕಾಟನ್ ಮಿಲ್ಲಿನ ಗೇಟು. ಮಿಲ್ಲಿನ ವಾಚ್‌ಮನ್‌ಗೆ ಹೇಳಿದರೆ ಶಿಫ್ಟ್ ಬಿಡುವ ಹೊತ್ತಿಗೆ ಕಾದು ಆ ಮನುಷ್ಯನನ್ನು ಹಿಡಿದು ಕಳಿಸುತ್ತಿದ್ದ. ಕಿರಾಣಿ ಅಂಗಡಿಯ ಯಜಮಾನರು ಗಿರಾಕಿಗಳನ್ನು ನಿಲ್ಲಿಸಿ ಹುಡುಗನನ್ನು ಓಡಿಸುತ್ತಿದ್ದರು. ಇವರೆಲ್ಲ ಒಂದು ಹನಿ ರಕ್ತ ಕೊಟ್ಟವರಲ್ಲ. ಆದರೆ ಇವರಿಲ್ಲದಿದ್ದರೆ ಆ ನೋಟ್‌ಬುಕ್ ಬರೀ ಕಾಗದ ಆಗಿರುತ್ತಿತ್ತು. ಥ್ಯಾಂಕ್ಸ್ ಪಟ್ಟಿಯಲ್ಲಿ ನಾನು ಇವರನ್ನು ಮೊದಲು ಬರೆಯುತ್ತೇನೆ.

ನಾನು ರಕ್ತ ಕೊಟ್ಟದ್ದು ಬಹಳ ಕಡಿಮೆ. ಕೊಡಬೇಕು ಅಂದರೆ ಹಿಮೋಗ್ಲೋಬಿನ್ 12.5 ಇರಬೇಕು. ನನ್ನದು 11ರ ಹತ್ತಿರವೇ ಆಡುತ್ತಿತ್ತು. ರಾಗಿ, ಸೊಪ್ಪು, ಖರ್ಜೂರ ಎಲ್ಲ ಆಯಿತು, ಸುಮ್ನೆ ಅಲ್ಲಿಂದಲ್ಲಿಗೆ ಅಷ್ಟೇ. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ರಕ್ತ ಕಡಿಮೆ ಇರುವಾಗ ಇದೇನು ಆಶ್ಚರ್ಯ ಅಲ್ಲ. ಹಾಗಾಗಿ ನನ್ನ ಪಾಲಿಗೆ ಬಂದದ್ದು ಫೋನ್ ಮಾಡುವ ಕೆಲಸ. ಅಕ್ಕ ನಿವೃತ್ತರಾದಾಗ ನೋಟ್‌ಬುಕ್ ನನ್ನ ಕೈಗೆ ಬಂತು.

ಸ್ವಿಚ್‌ಬೋರ್ಡಿನ ಗೆಳೆತನ ವಿಚಿತ್ರ. ಹುಬ್ಬಳ್ಳಿ, ಬಳ್ಳಾರಿ, ಶಿವಮೊಗ್ಗದ ಆಪರೇಟರ್‌ಗಳ ಜೊತೆ ದಿನಕ್ಕೆ ಹತ್ತಾರು ಸಲ ಮಾತು. ಮುಖ ಮಾತ್ರ ಗೊತ್ತಿಲ್ಲ. ದನಿ ಕೇಳಿದರೆ ಸಾಕು, ಇವತ್ತು ಅವಳಿಗೆ ನೆಗಡಿ, ಇವರ ಮನೆಯಲ್ಲಿ ಏನೋ ಸರಿ ಇಲ್ಲ ಅಂತ ತಿಳಿಯುತ್ತಿತ್ತು. ಒಮ್ಮೆ ಇಲ್ಲಿನ ಒಬ್ಬ ಬಾಣಂತಿಯದ್ದು ಬಾಂಬೆ ಗುಂಪು ಅಂತ ಗೊತ್ತಾಯಿತು. ಅದು 1952ರಲ್ಲಿ ಮುಂಬೈಯಲ್ಲಿ ಮೊದಲು ಪತ್ತೆಯಾದ ಗುಂಪು. ಮಾಮೂಲಿ ಪರೀಕ್ಷೆಯಲ್ಲಿ ಓ ಅಂತಲೇ ಕಾಣುತ್ತದೆ. ಆದರೆ ಓ ರಕ್ತ ಏರಿಸುವಂತಿಲ್ಲ. ಅದೇ ಗುಂಪಿನವರದ್ದೇ ಬೇಕು. ನಮ್ಮ ದೇಶದಲ್ಲಿ ಸುಮಾರು 10,000 ಜನಕ್ಕೆ ಒಬ್ಬರು ಸಿಕ್ಕಾರು. ನಮ್ಮ ನೋಟ್‌ಬುಕ್‌ನಲ್ಲಿ ಒಬ್ಬರೂ ಇರಲಿಲ್ಲ. ಹುಬ್ಬಳ್ಳಿ ಬೋರ್ಡಿನ ಗೆಳತಿಗೆ ಹೇಳಿದೆ. ಅವಳು ಬೆಳಗಾವಿಗೆ ಹೇಳಿದಳು, ಬೆಳಗಾವಿಯವರು ಕೊಲ್ಲಾಪುರಕ್ಕೆ ಹೇಳಿದರು. ಮಾರನೇ ದಿನ ಮಧ್ಯಾಹ್ನ ಅಲ್ಲಿಂದ ಒಬ್ಬರು ಬಸ್ಸಿನಲ್ಲಿ ಬಂದು ಇಳಿದರು. ಬಸ್ ಚಾರ್ಜ್ ಕೊಡೋಕೆ ಹೋದರೆ ತಗೊಳ್ಳಲಿಲ್ಲ. ಬೆಣ್ಣೆ ದೋಸೆ ಮಾತ್ರ ಬೇಡ ಅನ್ನಲಿಲ್ಲ. ಆ ಹುಬ್ಬಳ್ಳಿ ಗೆಳತಿಯನ್ನು ನಾನು ಮೊದಲ ಸಲ ಕಣ್ಣಾರೆ ಕಂಡದ್ದು ಅವಳ ಬೀಳ್ಕೊಡುಗೆಯ ದಿನ. ದನಿಗೂ ಮುಖಕ್ಕೂ ಹೊಂದಾಣಿಕೆಯೇ ಆಗಲಿಲ್ಲ ನನಗೆ!

ಸುಪ್ರೀಂ ಕೋರ್ಟಿನ 1996ರ ತೀರ್ಪಿನ ನಂತರ, 1998ರ ಜನವರಿ 1ರಿಂದ ದುಡ್ಡು ತಗೊಂಡು ರಕ್ತ ಕೊಡುವುದು ನಿಂತಿತು. ಅದು ಆಗಲೇಬೇಕಿತ್ತು. ಹೊಟ್ಟೆಪಾಡಿಗೆ ಮತ್ತೆ ಮತ್ತೆ ರಕ್ತ ಮಾರುತ್ತಿದ್ದವರ ಮೈ ನೋಡಿದವರಿಗೆ ಗೊತ್ತು. ಆದರೆ ಸುಮ್ಮನೆ ಕೊಡುವವರು ಜಾಸ್ತಿ ಬೇಕಾದರು, ನಮಗೆ ಕರೆಗಳು ಹೆಚ್ಚಿದವು. ಊರಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದರಿಂದ ಆ ಕಾಯಿಲೆಯ ಹುಡುಗರೂ ದೂರದಿಂದ ಬರುತ್ತಿದ್ದರು. ಸಣ್ಣ ಏಟಿಗೂ ರಕ್ತ ನಿಲ್ಲದ ಮಕ್ಕಳು. ಔಷಧಿ ಸುಲಭವಾಗಿ ಸಿಗದಿದ್ದ ದಿನಗಳಲ್ಲಿ ರಕ್ತದ ನೀರಿನ ಭಾಗವಾದ ಪ್ಲಾಸ್ಮಾ, ಅದರಿಂದ ತೆಗೆಯುವ ಕ್ರಯೋ ಇವೇ ಗತಿ. ಒಬ್ಬ ಮಗುವಿಗೆ ಹಲವರ ರಕ್ತದ ಭಾಗ ಬೇಕಾಗುತ್ತಿತ್ತು.

ಇಷ್ಟರಲ್ಲಿ ನಮ್ಮ ಕೆಲಸದ ರೂಪವೇ ಬದಲಾಗಿತ್ತು. 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಬಂತು. ಆಮೇಲೆ ಹಳ್ಳಿಹಳ್ಳಿಗೂ ಫೋನ್, ಆಪರೇಟರ್ ಇಲ್ಲದೆ ಬೇರೆ ಊರಿಗೆ ನೇರವಾಗಿ ಫೋನ್ ಮಾಡೋಕೆ ಬೀದಿಗೊಂದು ಹಳದಿ ಬೋರ್ಡಿನ ಎಸ್‌ಟಿಡಿ ಬೂತ್. ಟ್ರಂಕ್ ಬೋರ್ಡ್ ಮುಚ್ಚಿತು. ನನ್ನನ್ನು 197ಕ್ಕೆ ಹಾಕಿದರು, ನಂಬರ್ ಹುಡುಕಿ ಕೊಡುವ ಕೆಲಸ. ಮುಂದೆ ಬಿಲ್ಲಿಂಗ್ ಕೌಂಟರ್. ಆ ಭಾಗ ಹೇಳಿಕೊಳ್ಳುವಂಥದ್ದೇನಲ್ಲ.

ಬಿಎಸ್‌ಎನ್‌ಎಲ್ ಹುಟ್ಟಿದ ಅಕ್ಟೋಬರ್ 1ನೇ ತಾರೀಖು ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ ಕೂಡ, ಅದು 1975ರಿಂದಲೇ ಇದೆ. ಆಫೀಸಿನಲ್ಲಿ ಅವತ್ತು ಶಿಬಿರ ಮಾಡೋಣ ಅಂದರೆ ಯಾರೂ ಬೇಡ ಅನ್ನಲಿಲ್ಲ. ಆದರೂ ನನಗೆ ಶಿಬಿರಗಳ ಮೇಲೆ ಸ್ವಲ್ಪ ತಕರಾರಿದೆ. ನಾಯಕರ ಹುಟ್ಟುಹಬ್ಬಕ್ಕೆ ಶಾಮಿಯಾನ ಹಾಕಿ ಒಂದೇ ದಿನ ನೂರಾರು ಜನರಿಂದ ರಕ್ತ ತೆಗೆಯುತ್ತಾರೆ. ಕೆಂಪು ಕಣಗಳು ಫ್ರಿಜ್‌ನಲ್ಲಿ 35ರಿಂದ 42 ದಿನ ಇರುತ್ತವೆ. ಡೆಂಗಿಯಲ್ಲಿ ಬೇಕಾಗುವ ಪ್ಲೇಟ್‌ಲೆಟ್ ಐದೇ ದಿನ. ಹುಟ್ಟುಹಬ್ಬ ಜನವರಿಯಲ್ಲಿದ್ದು ಡೆಂಗಿ ಮಳೆಗಾಲದಲ್ಲಿ ಬಂದರೆ ಏನು ಪ್ರಯೋಜನ? ಏಪ್ರಿಲ್-ಮೇನಲ್ಲಿ ಕಾಲೇಜುಗಳಿಗೆ ರಜೆ, ಆಗಲೇ ರಕ್ತನಿಧಿ ಖಾಲಿ. ಫೋಟೋ ಇಲ್ಲದೆ, ಮೂರು ತಿಂಗಳಿಗೊಮ್ಮೆ ತಾವಾಗಿಯೇ ಹೋಗಿ ಬರುವ ನಾಲ್ಕು ಜನ ನನಗೆ ಆ ಶಾಮಿಯಾನಕ್ಕಿಂತ ದೊಡ್ಡವರು.

ವಾಟ್ಸಾಪ್ ಬಂದ ಮೇಲೆ ಇನ್ನೊಂದು ಕಾಟ. "ಬಿ ನೆಗೆಟಿವ್ ತುರ್ತಾಗಿ ಬೇಕು" ಅಂತ ಬರುತ್ತದೆ. ತಾರೀಖಿಲ್ಲ, ಆಸ್ಪತ್ರೆ ಹೆಸರಿಲ್ಲ. ಫೋನ್ ಮಾಡಿದರೆ, "ಅಮ್ಮಾ, ಅದು ಹೋದ ವರ್ಷದ್ದು" ಅಂತಾರೆ. ಫಾರ್ವರ್ಡ್ ಮಾಡಿದವರಿಗೆ ಪುಣ್ಯ ಬಂತು, ಅಷ್ಟೇ. ಸರ್ಕಾರದ್ದು ಇ-ರಕ್ತಕೋಶ ಅಂತ ಇದೆ. ಯಾವ ರಕ್ತನಿಧಿಯಲ್ಲಿ ಯಾವ ಗುಂಪು ಎಷ್ಟಿದೆ ಅಂತ ಅಲ್ಲಿ ನೋಡಬಹುದು. ನಾನು ಈಗಲೂ ಅದನ್ನು ನೋಡಿ, ಆಮೇಲೆ ಒಬ್ಬರಿಗೆ ನೇರವಾಗಿ ಫೋನ್ ಮಾಡುತ್ತೇನೆ. ನೂರು ಜನರ ಗುಂಪಿನಲ್ಲಿ ಕೇಳಿದರೆ ಇನ್ನೊಬ್ಬರು ಹೋಗುತ್ತಾರೆ ಅಂತ ಎಲ್ಲರೂ ಸುಮ್ಮನಿರುತ್ತಾರೆ. ಹೆಸರು ಹಿಡಿದು ಕೇಳಿದರೆ ಇಲ್ಲ ಅನ್ನುವುದು ಕಷ್ಟ, ಅಲ್ವಾ?

2020ರ ಜನವರಿ 31ಕ್ಕೆ ಬಿಎಸ್‌ಎನ್‌ಎಲ್‌ನ ಸ್ವಯಂ ನಿವೃತ್ತಿ ಯೋಜನೆಯಲ್ಲಿ ದೇಶದಾದ್ಯಂತ 78,000ಕ್ಕೂ ಹೆಚ್ಚು ನೌಕರರು ಒಂದೇ ದಿನ ಹೊರಗೆ ಬಂದರು. ನನ್ನ ಗೆಳೆಯರೂ ತುಂಬಾ ಜನ ಅದರಲ್ಲಿದ್ದರು. ಇನ್ನು ಇವರೆಲ್ಲ ಚದುರಿದರು ಅಂದುಕೊಂಡೆ. ಎರಡು ತಿಂಗಳಿಗೆ ಲಾಕ್‌ಡೌನ್. ಶಿಬಿರಗಳೆಲ್ಲ ಬಂದ್. ಥಲಸೀಮಿಯಾ ಅನ್ನುವ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು, ಕೊರೊನಾ ಅಂತ ಅದು ನಿಲ್ಲುತ್ತದಾ? ಆಗ ಇದೇ ನಿವೃತ್ತರು ಪೊಲೀಸರ ಹತ್ತಿರ ಪಾಸ್ ಮಾಡಿಸಿಕೊಂಡು, ಮಾಸ್ಕ್ ಹಾಕಿಕೊಂಡು ಒಬ್ಬೊಬ್ಬರಾಗಿ ಹೋಗಿ ಕೊಟ್ಟು ಬಂದರು. ಮನೆಯವರು ಬೇಡ ಅಂದರೂ ಹೋದರು. ಅವರಿಗೆ ನಾನು ಏನಂತ ಥ್ಯಾಂಕ್ಸ್ ಹೇಳಲಿ? ಹೇಳಿದರೆ, "ಸುಮ್ನಿರಿ ಮೇಡಂ" ಅಂತ ಬೈಸಿಕೊಳ್ಳಬೇಕು.

ನೀವು ಕಂಪನಿ ಬದಲಾಯಿಸುವುದರಲ್ಲಿ ತಪ್ಪೇನೂ ಇಲ್ಲ. ನಮ್ಮ ಕಾಲದಲ್ಲಿ ಬಿಡೋಕೆ ಇನ್ನೊಂದು ಕೆಲಸವೇ ಇರಲಿಲ್ಲ, ಅದಕ್ಕೇ ಕೂತೆವು. ಅದನ್ನು ತ್ಯಾಗ ಅಂತ ಹೊಗಳಿಕೊಳ್ಳುವುದು ಬೇಡ. ಆದರೆ ಒಂದೇ ಕಡೆ ಕೂತದ್ದರಿಂದ ಒಂದು ಲಾಭ ಆಯಿತು: ಯಾವ ಹೊತ್ತಿಗೆ ಯಾರನ್ನು ಎಬ್ಬಿಸಬಹುದು ಅಂತ ನನಗೆ ಗೊತ್ತಿತ್ತು. ನಾನು ಫೋನ್ ಮಾಡಿದರೆ ಇದು ನಿಜವಾದ ಕೇಸ್ ಅಂತ ಅವರಿಗೆ ಗೊತ್ತಿತ್ತು.

ಮೊದಲ ದಿನ ಸೈಕಲ್ ಹತ್ತಿ ಹೋದ ಇಬ್ಬರಲ್ಲಿ ಚಿಕ್ಕವನದ್ದು ಓ ನೆಗೆಟಿವ್. ನೆಗೆಟಿವ್ ಗುಂಪಿನವರು ನಮ್ಮಲ್ಲಿ ನೂರಕ್ಕೆ ಐದು ಜನ ಇದ್ದರೆ ಹೆಚ್ಚು, ಹಾಗಾಗಿ ಅವನಿಗೆ ಬಿಡುವೇ ಇರಲಿಲ್ಲ. ಮಳೆಯಲ್ಲಿ ಕಂಬ ಹತ್ತಿ ಇಳಿದವನು ಹಾಗೇ ಆಸ್ಪತ್ರೆಗೆ ಹೋದದ್ದೂ ಉಂಟು. ಹೋದ ವರ್ಷ ಅವನಿಗೆ 65 ದಾಟಿತು. ಅಲ್ಲಿಗೆ ನಿಯಮದ ಪ್ರಕಾರ ಮುಗಿಯಿತು. ರಕ್ತನಿಧಿಯ ಡಾಕ್ಟರ ಹತ್ತಿರ ಹೋಗಿ, "ಸಾರ್, ಸ್ಕೂಲಿಗೆ ಸೇರಿಸುವಾಗ ನಮ್ಮ ಮೇಷ್ಟ್ರು ಎರಡು ವರ್ಷ ಜಾಸ್ತಿ ಬರೆದಿದ್ದಾರೆ, ನನಗೆ ಇನ್ನೂ ಅರವತ್ಮೂರೇ" ಅಂತ ವಾದ ಮಾಡಿದನಂತೆ. ಅವರು ನಕ್ಕು ಕಾಫಿ ಕುಡಿಸಿ ಕಳಿಸಿದರು. ಈಗ ಅವನ ಮಗಳು ಕೊಡುತ್ತಾಳೆ. ಅವಳದ್ದೂ ಓ ನೆಗೆಟಿವ್, ಹಿಮೋಗ್ಲೋಬಿನ್ ಹದಿಮೂರೂವರೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚು.