‘ತಪ್ಪಾಗಿ ತಿಳಿದು’ ಎಂಬ ಮಾತು

ಪತ್ರ: ಬಲಬೀರ್ ಸಿಂಗ್ ಸೋಧಿ ಅವರ ಬಗ್ಗೆ ಬರೆದಿದ್ದೀರಿ. ಪಾಪ, ಮುಸ್ಲಿಮ್ ಎಂದು ತಪ್ಪಾಗಿ ತಿಳಿದು ಕೊಂದನಂತೆ. ಯಾರೋ ಒಬ್ಬ ತಲೆಕೆಟ್ಟವನು ಮಾಡಿದ ಎಡವಟ್ಟು. ಮನೆಯವರೇ ಕ್ಷಮಿಸಿದ ಮೇಲೂ ವರ್ಷ ವರ್ಷ ಗಾಯ ಕೆದಕುವುದೇಕೆ?
– ನಿವೃತ್ತ ಶಿಕ್ಷಕರೊಬ್ಬರು, ಹಾವೇರಿ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಓದಿದವನೇ ನಮ್ಮ ಹಳೆಯ ಸಂಚಿಕೆ ತೆಗೆದು ನೋಡಿದೆ. ‘ತಪ್ಪಾಗಿ ತಿಳಿದು’ ಎಂದು ಬರೆದವರು ನಾವೇ. ‘ಎಡವಟ್ಟು’ ಎಂದು ನಿಮಗೆ ಅನ್ನಿಸಿದ್ದರಲ್ಲಿ ನಮ್ಮ ಪಾಲೂ ಇದೆ.

2001ರ ಸೆಪ್ಟೆಂಬರ್ 15, ಶನಿವಾರ. ಉಗ್ರರ ದಾಳಿಗೆ ನ್ಯೂಯಾರ್ಕಿನ ಅವಳಿ ಗೋಪುರ ಉರುಳಿ ನಾಲ್ಕೇ ದಿನ. ಅಮೆರಿಕದ ಅರಿಜೋನಾ ರಾಜ್ಯದ ಮೇಸಾದಲ್ಲಿ ಸಿಖ್ಖರಾದ ಸೋಧಿ ತಮ್ಮ ಪೆಟ್ರೋಲ್ ಬಂಕ್ ಮುಂದೆ ಹೂಗಿಡದ ಕೆಲಸದಲ್ಲಿದ್ದರು. ಪಂಜಾಬಿನಿಂದ ಹೋಗಿ, ಕ್ಯಾಲಿಫೋರ್ನಿಯಾದಲ್ಲಿ ಟ್ಯಾಕ್ಸಿ ಓಡಿಸಿ, ದುಡ್ಡು ಕೂಡಿಟ್ಟು ಮಾಡಿಕೊಂಡ ಬಂಕು. ಅವತ್ತೇ ಸಾಮಾನು ತರಲು ಹೋದಾಗ, ದಾಳಿಯಲ್ಲಿ ಸತ್ತವರ ಮನೆಯವರಿಗೆಂದು ಜೇಬಿನಲ್ಲಿದ್ದ 75 ಡಾಲರ್ ಕೊಟ್ಟು ಬಂದಿದ್ದರು. ಗಾಡಿಯಲ್ಲಿ ಬಂದವನಿಗೆ ಅದೆಲ್ಲ ಏನು ಗೊತ್ತು? ಪೇಟ, ಗಡ್ಡ ಕಂಡಿತು. ಗುಂಡು ಹೊಡೆದ.

ಅಲ್ಲಿಂದ ಇನ್ನೊಂದು ಬಂಕಿಗೆ ಹೋಗಿ ಲೆಬನಾನ್ ಮೂಲದ ಕೆಲಸಗಾರನ ಮೇಲೆ ಗುಂಡು ಹಾರಿಸಿದ. ಆಮೇಲೆ ಒಂದು ಅಫ್ಘನ್ ಕುಟುಂಬದ ಮನೆಗೆ ಹೊಡೆದ. ಆ ಎರಡು ಕಡೆ ಯಾರಿಗೂ ತಗುಲಲಿಲ್ಲ, ಸದ್ಯ. ಎಡವಟ್ಟು ಒಂದೇ ದಿನ ಮೂರು ಸಲ ಆಗುತ್ತದಾ, ಮೇಷ್ಟ್ರೇ?

ಇನ್ನೊಂದು ಮಾತು. ಸೋಧಿ ನಿಜಕ್ಕೂ ಮುಸ್ಲಿಮರೇ ಆಗಿದ್ದರೆ? ಆಗ ಗುಂಡು ಸರಿಯಾದ ಕಡೆ ಬಿತ್ತು ಅನ್ನುತ್ತಿದ್ದೆವಾ? ಆ ಸಾಲು ಬರೆಯುವಾಗ ನಮಗೆ ಇದು ಹೊಳೆಯಲೇ ಇಲ್ಲ. ‘ನಾವು ಮುಸ್ಲಿಮರಲ್ಲ’ ಎಂದು ಹೇಳಿಕೊಂಡು ಪಾರಾಗುವ ದಾರಿ ಅಲ್ಲಿನ ಸಿಖ್ಖರಿಗೆ ಇತ್ತು. ಅವರಲ್ಲಿ ಎಷ್ಟೋ ಜನ ಬೇಕೆಂದೇ ಆ ದಾರಿ ಹಿಡಿಯಲಿಲ್ಲ. ಹಾಗಂದರೆ ಪಕ್ಕದ ಮನೆಯವರತ್ತ ಬೆರಳು ತೋರಿಸಿದಂತೆ, ಅಲ್ವಾ?

ಕ್ಷಮಿಸಿದ ವಿಷಯ ನಿಜ. ಕೊಂದವನಿಗೆ ಮೊದಲು ಮರಣದಂಡನೆ, 2006ರಲ್ಲಿ ಅದು ಜೀವಾವಧಿ ಆಯಿತು. 2016ರಲ್ಲಿ ಬಲಬೀರ್ ಅವರ ತಮ್ಮ ರಾಣಾ ಸಿಂಗ್ ಸೋಧಿ ಅವನೊಂದಿಗೆ ಫೋನಿನಲ್ಲಿ ಮಾತಾಡಿದರು. ಅವನು ಕ್ಷಮೆ ಕೇಳಿದ, ಇವರು ಕ್ಷಮಿಸಿದರು. ನನ್ನಿಂದ ಆಗುತ್ತಿರಲಿಲ್ಲ. ಆದರೆ ಅದೇ ರಾಣಾ ಆಮೇಲೂ ಸೆಪ್ಟೆಂಬರ್ 15ಕ್ಕೆ ಆ ಬಂಕಿನಲ್ಲಿ ಜನರನ್ನು ಸೇರಿಸುತ್ತಾ ಬಂದರು, ಶಾಲೆಗಳಿಗೆ ಹೋಗಿ ಮಾತಾಡಿದರು.

ಯಾಕೆ ಅಂದರೆ, ಸುಮ್ನಿದ್ದರೆ ಹೆಸರೇ ಅಳಿಸಿಹೋಗುತ್ತದೆ. ಇದು ನನ್ನ ಊಹೆಯಲ್ಲ. ಫೀನಿಕ್ಸ್ ನಗರದ 9/11 ಸ್ಮಾರಕದಲ್ಲಿ ಬಲಬೀರ್ ಅವರ ಹೆಸರಿದೆ. ಅದನ್ನು ತೆಗೆಯಬೇಕೆಂದು 2011ರಲ್ಲಿ ಅರಿಜೋನಾದ ಶಾಸನಸಭೆ ಮಸೂದೆ ಪಾಸು ಮಾಡಿತ್ತು. ಗವರ್ನರ್ ಜ್ಯಾನ್ ಬ್ರೂವರ್ ಸಹಿ ಹಾಕದೆ ತಡೆದರು, ಹೆಸರು ಉಳಿಯಿತು. ಮರುವರ್ಷ ವಿಸ್ಕಾನ್ಸಿನ್ ರಾಜ್ಯದ ಓಕ್ ಕ್ರೀಕ್ ಗುರುದ್ವಾರದಲ್ಲಿ ಇನ್ನೊಬ್ಬ ಬಂದೂಕುಧಾರಿ ಆರು ಜನರನ್ನು ಕೊಂದಾಗ, ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ದ್ವೇಷಾಪರಾಧ ಲೆಕ್ಕದಲ್ಲಿ ಸಿಖ್ಖರಿಗೆ ಬೇರೆ ಕಾಲಮ್ಮೇ ಇರಲಿಲ್ಲ. ಒತ್ತಾಯ ಮಾಡಿ ಮಾಡಿ, 2015ರಿಂದ ಆ ಲೆಕ್ಕ ಶುರುವಾಯಿತು. ಎಣಿಸುವುದಕ್ಕೂ ಅಷ್ಟು ಓಡಾಡಬೇಕಾಯಿತು ನೋಡಿ.

ನಿಮ್ಮ ಸಂಚಿಕೆಯಲ್ಲಿ ಆ ಸಾಲನ್ನು ದಯವಿಟ್ಟು ತಿದ್ದಿಕೊಳ್ಳಿ: ‘ಪೇಟ, ಗಡ್ಡ ನೋಡಿ ಅವರನ್ನು ಕೊಂದ.’