ಓದುಗರ ಪ್ರಶ್ನೆ: ಸುಸ್ತಾಗದ ಕುದುರೆ, ಬದುಕುಳಿಯದ ಅಪ್ಪ-ಅಮ್ಮ

ಹದಿಹರೆಯದವರ ಫ್ಯಾಂಟಸಿ ಕಾದಂಬರಿಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದವುಗಳಲ್ಲಿ ಬಹುಪಾಲು ದೂರುಗಳೇ. ನ್ಯಾಯವಾದ ದೂರುಗಳು ಸಾಕಷ್ಟಿವೆ. ಆದರೆ ಇಡೀ ಪ್ರಕಾರದ ತಲೆಗೆ ಕಟ್ಟುವ ಎಷ್ಟೋ ತಪ್ಪುಗಳು ನಿಜಕ್ಕೂ ಬರೆದವರ ಸೋಮಾರಿತನದ್ದು.

ಪ್ರಶ್ನೆ: ಒಂಬತ್ತನೇ ತರಗತಿಯ ಮಗಳು ವಾರಕ್ಕೊಂದು ದಪ್ಪ ಫ್ಯಾಂಟಸಿ ಮುಗಿಸುತ್ತಾಳೆ. ನಾನೂ ಎರಡು ಮೂರು ಓದಿ ನೋಡಿದೆ. ಬಡ ಹುಡುಗಿ, ಅವಳಿಗೇ ಗೊತ್ತಿಲ್ಲದ ಶಕ್ತಿ, ಹಳೆಯ ಭವಿಷ್ಯವಾಣಿ, ಕೊನೆಗೆ ಅವಳೇ ರಾಣಿ. ಎಲ್ಲದರಲ್ಲೂ ಇದೇ. ಓದುವಂಥದ್ದೇನಿದೆ ಇದರಲ್ಲಿ? (ಗೃಹಿಣಿ, ಶಿವಮೊಗ್ಗ)

ಹಂದರ ಒಂದೇ ಎಂಬುದು ನಿಜ. ಅಜ್ಜಿಕಥೆಯ ಕಿರಿಯ ರಾಜಕುಮಾರನೂ ಪ್ರತಿ ಸಲ ಗೆಲ್ಲುವವನೇ, ಕೇಳುವ ಮಕ್ಕಳಿಗೆ ಅದರಿಂದ ಬೇಸರವಾಗಿಲ್ಲ. ಕಥೆ ಕೆಡುವುದು ‘ನೀನೇ ಅವಳು’ ಅಂತ ಮುದುಕನೊಬ್ಬ ಬಂದು ಹೇಳಿದ ಮೇಲೆ ನಾಯಕಿಗೆ ಕೆಲಸವೇ ಇಲ್ಲದಂತಾದಾಗ. ಅಲ್ಲಿಂದಾಚೆ ಅವಳನ್ನು ಅರಮನೆಗೆ ಕರೆದೊಯ್ಯುವವರು ಬೇರೆ, ವಿದ್ಯೆ ಕಲಿಸುವವರು ಬೇರೆ, ಸೆರೆಯಿಂದ ಬಿಡಿಸಿ ತರುವವರು ಇನ್ನೂ ಬೇರೆ. ಅವಳ ಪಾಲಿಗೆ ಕಣ್ಣರಳಿಸುವುದು, ಮುನಿಸಿಕೊಳ್ಳುವುದು ಇಷ್ಟೇ ಉಳಿಯುತ್ತದೆ.

ಪರೀಕ್ಷೆ ಮಾಡುವುದು ಸುಲಭ. ಪುಸ್ತಕ ಮುಗಿದ ಮೇಲೆ, ಕಥೆ ದಿಕ್ಕು ಬದಲಿಸಿದ ಐದಾರು ಜಾಗಗಳನ್ನು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ ಅದು ಯಾರ ತೀರ್ಮಾನದಿಂದ ಆಯಿತೆಂದು ಗುರುತು ಹಾಕಿ. ಅರ್ಧದಷ್ಟು ಕಡೆಯಾದರೂ ನಾಯಕಿಯ ಹೆಸರು ಬರದಿದ್ದರೆ ನಿಮ್ಮ ದೂರು ಸರಿ. ಆಮೇಲೆ, ಆ ತೀರ್ಮಾನಕ್ಕಾಗಿ ಅವಳು ಕಳೆದುಕೊಂಡದ್ದು ಕೊನೆಯ ಅಧ್ಯಾಯದಲ್ಲಿ ವಾಪಸ್ ಬಂತೇ ನೋಡಿ. ಬಂದಿದ್ದರೆ ಅದನ್ನು ಕಳೆದುಕೊಂಡ ಲೆಕ್ಕಕ್ಕೆ ಹಿಡಿಯಬೇಡಿ.

ಭವಿಷ್ಯವಾಣಿ ಇದ್ದೂ ಈ ಪರೀಕ್ಷೆಯಲ್ಲಿ ಪಾಸಾಗುವ ಪುಸ್ತಕಗಳಿವೆ. 2003ರಲ್ಲಿ ಬಂದ ಹ್ಯಾರಿ ಪಾಟರ್ ಸರಣಿಯ ಐದನೇ ಪುಸ್ತಕವನ್ನೇ ನೋಡಿ. ಅಲ್ಲಿನ ಭವಿಷ್ಯವಾಣಿ ಇಬ್ಬರು ಹುಡುಗರಿಗೆ ಹೊಂದುತ್ತದೆ, ಹ್ಯಾರಿಗೂ ನೆವಿಲ್‌ಗೂ. ಇಬ್ಬರೂ ಜುಲೈ ಕೊನೆಯಲ್ಲಿ ಹುಟ್ಟಿದವರು. ಖಳನಾಯಕ ಅದನ್ನು ಅರೆಬರೆ ತಿಳಿದುಕೊಂಡು ಹ್ಯಾರಿಯ ಮನೆಗೆ ಹೋದದ್ದರಿಂದಲೇ ಆ ಮಾತು ಹ್ಯಾರಿಗೆ ಅಂಟಿಕೊಂಡಿತು. ಆಕಾಶವಾಣಿಯನ್ನು ಸುಳ್ಳು ಮಾಡಲು ಹೊರಟು ತಾನೇ ನಿಜ ಮಾಡಿದ ಕಂಸನ ಕಥೆ ಬಲ್ಲವರಿಗೆ ಇದೇನೂ ಹೊಸದಲ್ಲ. 2008ರ ‘ದಿ ಹಂಗರ್ ಗೇಮ್ಸ್’ ಪೂರ್ತಿ ಫ್ಯಾಂಟಸಿ ಅಲ್ಲವಾದರೂ ಇದೇ ಕಪಾಟಿನದು. ಅಲ್ಲಿ ಸಾವಿನ ಆಟಕ್ಕೆ ಎತ್ತಿದ ಚೀಟಿಯಲ್ಲಿ ಬಂದದ್ದು ತಂಗಿಯ ಹೆಸರು, ಅವಳ ಬದಲಿಗೆ ಮುಂದೆ ಬಂದವಳು ಅಕ್ಕ. ವಿಧಿ ಆಕೆಯನ್ನು ಆರಿಸಲಿಲ್ಲ.

ಮಗಳ ಮುಂದಿನ ಪುಸ್ತಕಕ್ಕೆ ಈ ಹಾಳೆಯನ್ನು ಅವಳಿಂದಲೇ ಬರೆಸಿ ನೋಡಿ.

ಪ್ರಶ್ನೆ: ಈ ಕಥೆಗಳಲ್ಲಿ ಅಪ್ಪ-ಅಮ್ಮ ಯಾಕೆ ಬದುಕಿರುವುದೇ ಇಲ್ಲ? (ನಿವೃತ್ತ ಶಿಕ್ಷಕ, ಹಾಸನ)

ಬದುಕಿದ್ದರೆ ನಡುರಾತ್ರಿ ಕಾಡಿಗೆ ಹೊರಟ ಮಗಳನ್ನು ಹೊಸ್ತಿಲಲ್ಲೇ ತಡೆಯುತ್ತಾರೆ, ಕಥೆ ಅಲ್ಲಿಗೇ ಮುಗಿಯುತ್ತದೆ! ಹೆತ್ತವರನ್ನು ಮೊದಲ ಪುಟದಲ್ಲೇ ಸಾಯಿಸುವುದು ಅಗ್ಗದ ಉಪಾಯ. 1995ರ ‘ನಾರ್ದರ್ನ್ ಲೈಟ್ಸ್’ ಕಾದಂಬರಿಯಲ್ಲಿ ನಾಯಕಿ ಲೈರಾಳ ಹೆತ್ತವರು ಇಬ್ಬರೂ ಜೀವಂತ, ಮತ್ತು ಅಪಾಯ ಬರುವುದೇ ಅವರಿಂದ. ಅನಾಥೆಯ ಕಥೆಗಿಂತ ಅದು ಹೆಚ್ಚು ಚುಚ್ಚುತ್ತದೆ.

ಪ್ರಶ್ನೆ: ನಾನೊಂದು ಫ್ಯಾಂಟಸಿ ಬರೆಯುತ್ತಿದ್ದೇನೆ. ಓದಿದ ಗೆಳೆಯರು ‘ಕಷ್ಟ ಬಂದಾಗೆಲ್ಲ ಮಂತ್ರ ಹೇಳಿ ಪಾರಾಗ್ತಾಳೆ, ಮಜಾ ಇಲ್ಲ’ ಅಂದರು. ಮಂತ್ರ ತೆಗೆದರೆ ಕಥೆಯೇ ಇರುವುದಿಲ್ಲ. ಏನು ಮಾಡಲಿ? (ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಗಳೂರು)

ತೆಗೆಯಬೇಕಿಲ್ಲ. ಫ್ಯಾಂಟಸಿ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ 2007ರಲ್ಲಿ ಒಂದು ಸೂತ್ರ ಬರೆದರು: ಮಾಟವನ್ನು ಓದುಗ ಎಷ್ಟು ಅರ್ಥಮಾಡಿಕೊಂಡಿದ್ದಾನೋ ಅಷ್ಟರ ಮಟ್ಟಿಗೆ ಮಾತ್ರ ಅದರಿಂದ ಕಷ್ಟ ಪರಿಹರಿಸಿದರೆ ಒಪ್ಪಿಗೆಯಾಗುತ್ತದೆ. ಮಾಟವನ್ನು ನಿಗೂಢವಾಗಿಯೇ ಇಡುವುದೂ ಸರಿಯೇ. ಆಗ ಅದರಿಂದ ತೊಂದರೆ ಹುಟ್ಟಿಸಿ, ಪರಿಹಾರ ಹುಟ್ಟಿಸಬೇಡಿ.

ನಿಮ್ಮ ಹಸ್ತಪ್ರತಿ ತೆಗೆದುಕೊಂಡು ಹೀಗೆ ಮಾಡಿ. ಮೊದಲು, ಈ ಶಕ್ತಿಯಿಂದ ಏನೇನು ಆಗುವುದಿಲ್ಲ ಎಂದು ಮೂರು ಸಾಲು ಬರೆಯಿರಿ. ಏನಾಗುತ್ತದೆ ಎನ್ನುವ ಪಟ್ಟಿ ಎಲ್ಲರ ಬಳಿಯೂ ಇರುತ್ತದೆ, ಆಗದ್ದರ ಪಟ್ಟಿ ಇರುವುದಿಲ್ಲ. ಮಾತು ಆಡಿದರಷ್ಟೇ ಮಂತ್ರ ಫಲಿಸುತ್ತದೆ ಎಂದಿಟ್ಟರೆ, ಬಾಯಿಗೆ ಬಟ್ಟೆ ತುರುಕಿದ ದೃಶ್ಯ ತಾನಾಗಿ ಹುಟ್ಟುತ್ತದೆ.

ಆಮೇಲೆ ಬೆಲೆ. ‘ಮಂತ್ರ ಹೇಳಿ ಬಳಲಿದಳು’ ಎಂದು ಬರೆದು ಮುಂದಿನ ಪುಟದಲ್ಲಿ ಓಡಿಸುವುದನ್ನು ಬೆಲೆ ಎನ್ನಲಾಗದು. 1968ರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯಲ್ಲಿ ಹುಡುಗ ಗೆಡ್ ಜಂಭಕ್ಕೆ ಬಿದ್ದು ಸತ್ತವರ ಆತ್ಮವನ್ನು ಕರೆಯುತ್ತಾನೆ. ತೆರೆದ ಬಿರುಕನ್ನು ಮುಚ್ಚಲು ಹೋದ ಹಿರಿಯ ಗುರು ಸಾಯುತ್ತಾನೆ, ಗೆಡ್‌ನ ಮುಖದ ಮೇಲೆ ಗಾಯದ ಗುರುತು ಉಳಿದೇ ಹೋಗುತ್ತದೆ. ಬೆಲೆ ತೆತ್ತವರು ಯಾರು, ಅದು ಎಲ್ಲಿ ಕಾಣುತ್ತದೆ ಎಂಬುದು ಅಲ್ಲಿ ಸ್ಪಷ್ಟ.

ಕೊನೆಯ ಹೋರಾಟದಲ್ಲಿ ಯಾವ ಶಕ್ತಿಯಿಂದ ಗೆಲ್ಲುತ್ತಾಳೋ ಅದನ್ನು ಮೊದಲೇ ಎರಡು ಸಲ ತೋರಿಸಿ, ಅದರಲ್ಲಿ ಒಂದು ಸಲ ಅದು ಕೈಕೊಡಲಿ. ಹೆಸರೇ ಕೇಳದ ಶಕ್ತಿ 380ನೇ ಪುಟದಲ್ಲಿ ಉಕ್ಕಿ ಬಂದರೆ ಓದುಗರಿಗೆ ಮೋಸ ಹೋದಂತಾಗುತ್ತದೆ.

ಇನ್ನು ಊರಿನ ಲೆಕ್ಕ. ಮುಟ್ಟಿದರೆ ಗಾಯ ಮಾಯುವ ವಿದ್ಯೆ ಇರುವ ರಾಜ್ಯದಲ್ಲಿ ಬಾಣಂತಿಯರು ಯಾಕೆ ಸಾಯುತ್ತಾರೆ? ಕ್ಷಣದಲ್ಲಿ ದೂರದ ಊರು ಮುಟ್ಟಿಸುವ ಬಾಗಿಲಿದ್ದರೆ ವ್ಯಾಪಾರಿ ಯಾಕೆ ಗಾಡಿ ಕಟ್ಟುತ್ತಾನೆ? ಉತ್ತರ ‘ಅದು ದುಬಾರಿ’ ಎಂದಾದರೆ ದರ ಎಷ್ಟು, ಹಣ ಯಾರಿಗೆ ಎಂಬ ಪ್ರಶ್ನೆಯಿಂದಲೇ ನಿಮಗೊಬ್ಬ ಒಳ್ಳೆಯ ಖಳನಾಯಕ ಸಿಗಬಹುದು. ಇಷ್ಟೆಲ್ಲ ಯೋಚಿಸಿಟ್ಟುಕೊಂಡ ಮೇಲೆ ಅದನ್ನು ಮೊದಲ ಅಧ್ಯಾಯದಲ್ಲಿ ನಿಯಮಾವಳಿಯಂತೆ ಸುರಿಯಬೇಡಿ. ಅದು ಇನ್ನೊಂದು ಬಗೆಯ ಕಾಯಿಲೆ.

ಪ್ರಶ್ನೆ: ಹೊಟ್ಟೆಗೆ ಕತ್ತಿ ಚುಚ್ಚಿಸಿಕೊಂಡವನು ಮರುದಿನ ಕುದುರೆ ಏರುತ್ತಾನೆ. ಡ್ರ್ಯಾಗನ್ ಇರುವ ಕಥೆಯಲ್ಲಿ ವಾಸ್ತವ ಕೇಳುವುದು ಅತಿಯಾಯಿತೇ? (ವೈದ್ಯ, ಹುಬ್ಬಳ್ಳಿ)

ಅತಿಯಲ್ಲ ಡಾಕ್ಟ್ರೇ. ಡ್ರ್ಯಾಗನ್ ನಂಬಿ ಎಂದು ಲೇಖಕ ಒಂದು ಸಾಲ ಕೇಳಿದ್ದಾನೆ. ಉಳಿದ ಲೆಕ್ಕ ಸರಿಯಿದ್ದರಷ್ಟೇ ಅದು ಸಿಗುತ್ತದೆ. ಪಕ್ಕೆಲುಬು ಮುರಿದರೆ ಕೂಡಿಕೊಳ್ಳಲು ಆರು ವಾರ ಬೇಕೆಂದು ನಿಮಗೆ ಹೇಳಬೇಕಿಲ್ಲ. ಅಷ್ಟು ದಿನ ಆಳವಾಗಿ ಉಸಿರೆಳೆದರೂ ನೋವು, ಬಿಲ್ಲಿನ ಹೆದೆ ಎಳೆಯುವ ಮಾತೇ ಇಲ್ಲ. ತಲೆಗೆ ಪೆಟ್ಟು ಬಿದ್ದು ಗಂಟೆಗಟ್ಟಲೆ ಪ್ರಜ್ಞೆ ತಪ್ಪಿದವಳು ಎದ್ದ ಕೂಡಲೇ ಚುರುಕು ಮಾತಾಡುವುದೂ ಇಂಥದ್ದೇ. ಕತ್ತಿಯ ವಿಷಯದಲ್ಲಿ ತಪ್ಪು ತಿರುಗುಮುರುಗು: ಒಂದು ಕೈಯಲ್ಲಿ ಹಿಡಿಯುವ ಯುರೋಪಿನ ಮಧ್ಯಯುಗದ ಕತ್ತಿಯ ತೂಕ ಸಾಮಾನ್ಯವಾಗಿ 1ರಿಂದ 1.5 ಕೆಜಿ. ‘ಎತ್ತಲಾರದೆ ಎತ್ತಿದಳು’ ಎಂದು ಬರೆಯುವಂಥ ಭಾರವೇನಲ್ಲ, ಬೀಸುತ್ತಲೇ ಇದ್ದರೆ ಮಾತ್ರ ತೋಳು ಸೋಲುತ್ತದೆ.

ಎಲ್ಲಕ್ಕಿಂತ ಹೆಚ್ಚು ಅನ್ಯಾಯವಾಗಿರುವುದು ಕುದುರೆಗೆ. ನಡಿಗೆಯಲ್ಲಿ ಕುದುರೆ ಗಂಟೆಗೆ ಸುಮಾರು 6 ಕಿ.ಮೀ. ಹೋಗುತ್ತದೆ. ನಾಗಾಲೋಟದಲ್ಲಿ 40 ಕಿ.ಮೀ. ವೇಗ ಮುಟ್ಟಿದರೂ ಕೆಲವೇ ಕಿಲೋಮೀಟರಿನಲ್ಲಿ ಏದುಸಿರು. ದಿನದ ಮೇಲೆ ದಿನ ಸವಾರಿ ಮಾಡುವುದಾದರೆ ದಿನಕ್ಕೆ 40-50 ಕಿ.ಮೀ. ಎಂದಿಟ್ಟುಕೊಳ್ಳಿ, ಬೆಂಗಳೂರಿನಿಂದ ಮೈಸೂರಿಗೆ ಮೂರು ದಿನ. 500 ಕೆಜಿ ತೂಗುವ ಕುದುರೆಗೆ ದಿನಕ್ಕೆ 10 ಕೆಜಿಯಷ್ಟು ಒಣಮೇವು, 30-40 ಲೀಟರ್ ನೀರು ಬೇಕು. ನಾಯಕಿ ಐದು ದಿನ ಮರಳುಗಾಡು ದಾಟುವುದಾದರೆ ಒಂದೊಂದು ಕುದುರೆಗೂ 150 ಲೀಟರಿಗೆ ಕಡಿಮೆಯಿಲ್ಲದ ನೀರು ಹೊರಬೇಕು. ಹೊರುವವರು ಯಾರು? ಈ ಒಂದು ಪ್ರಶ್ನೆ ಕೇಳಿಕೊಂಡಿದ್ದರೆ ಎಷ್ಟೋ ಕಾದಂಬರಿಗಳು ಒಂಟೆ ಹುಡುಕುತ್ತಿದ್ದವು. ಫ್ಯಾಂಟಸಿ ಲೇಖಕಿ ಡಯಾನಾ ವಿನ್ ಜೋನ್ಸ್ 1996ರಲ್ಲಿ ಇಂಥ ರೂಢಿಗಳನ್ನೆಲ್ಲ ಸೇರಿಸಿ ಪ್ರವಾಸಿ ಕೈಪಿಡಿಯ ರೂಪದಲ್ಲಿ ಒಂದು ಅಣಕದ ಪುಸ್ತಕ ಬರೆದರು. ಫ್ಯಾಂಟಸಿ ನಾಡಿನಲ್ಲಿ ಎಲ್ಲರೂ ಎಲ್ಲ ಹೊತ್ತೂ ತಿನ್ನುವುದು ಸ್ಟ್ಯೂ ಒಂದೇ ಎಂಬುದು ಅದರ ಪ್ರಸಿದ್ಧ ಗೇಲಿ. ಶತ್ರುಗಳು ಬೆನ್ನಟ್ಟಿರುವಾಗ ಗಂಟೆಗಟ್ಟಲೆ ಬೇಯಿಸಬೇಕಾದ ಅಡುಗೆ, ಅದಕ್ಕೊಂದು ಭಾರದ ಪಾತ್ರೆ. ಒಣ ರೊಟ್ಟಿ ಕಟ್ಟಿಕೊಂಡು ಹೊರಡಬಾರದೇ?

ಪ್ರಶ್ನೆ: 13 ವರ್ಷದ ಮಗಳ ಗೆಳತಿಯರೆಲ್ಲ ಓದುತ್ತಾರೆಂದು ಒಂದು ಸರಣಿ ಕೊಡಿಸಿದೆವು. ಎರಡನೇ ಸಂಪುಟದಲ್ಲಿ ಹಾಸಿಗೆಯ ದೃಶ್ಯಗಳು ಪುಟಗಟ್ಟಲೆ. ಹುಡುಗಿಗೆ ಇಪ್ಪತ್ತೂ ಆಗಿಲ್ಲ, ಪ್ರಿಯಕರನಿಗೆ 500! ಇದು ಮಕ್ಕಳ ಕಪಾಟಿಗೆ ಹೇಗೆ ಬಂತು? (ನ್ಯೂಜೆರ್ಸಿಯ ಕನ್ನಡ ದಂಪತಿ)

ದುಡ್ಡು ಕೊಡುವವರನ್ನು ಹಿಂಬಾಲಿಸಿಕೊಂಡು ಬಂತು. 2012ರಲ್ಲಿ ಪುಸ್ತಕೋದ್ಯಮದ ಮಾಹಿತಿ ಕಲೆಹಾಕುವ ಬೌಕರ್ ಸಂಸ್ಥೆ ಅಮೆರಿಕದಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, 12ರಿಂದ 17ರವರಿಗೆಂದು ಹೊರತಂದ ಪುಸ್ತಕಗಳನ್ನು ಕೊಳ್ಳುವವರಲ್ಲಿ 55% ಮಂದಿ 18 ದಾಟಿದವರು. 30-44ರ ವಯಸ್ಸಿನವರದ್ದೇ ಮಾರಾಟದಲ್ಲಿ 28% ಪಾಲು. ಪಾತ್ರದ ವಯಸ್ಸು ಕಾಗದದ ಮೇಲೆ 17ರಿಂದ 19ರಲ್ಲೇ ನಿಂತು, ನಡೆನುಡಿ ಮಾತ್ರ 25ರದ್ದಾದದ್ದು ಇದರಿಂದ. 2015ರಲ್ಲಿ ಹದಿಹರೆಯದವರ ಪುಸ್ತಕವೆಂದು ಬಂದ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ ಸರಣಿಗೆ 2020ರಲ್ಲಿ ಹೊಸ ಮುಖಪುಟ ತೊಡಿಸಿ ವಯಸ್ಕರ ಸಾಲಿಗೆ ಸೇರಿಸಿದರು. ಹಳೆಯ ಪ್ರತಿಗಳು ಲೈಬ್ರರಿಗಳಲ್ಲಿ, ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಈಗಲೂ ಓಡಾಡುತ್ತಿವೆ.

ಆದ್ದರಿಂದ ಮೊದಲ ಸಂಪುಟದ ಐವತ್ತು ಪುಟ ತಿರುವಿ ಸರಣಿಯನ್ನೇ ಒಪ್ಪಿಬಿಡಬೇಡಿ. ಇಂಥ ಸರಣಿಗಳು ಸಾಮಾನ್ಯವಾಗಿ ಎರಡನೆಯದರಿಂದ ಬಿಸಿಯೇರುತ್ತವೆ. ಇತ್ತೀಚಿನ ಮುದ್ರಣವನ್ನು ಪ್ರಕಾಶಕರು ಯಾವ ವಯಸ್ಸಿನವರ ಪಟ್ಟಿಯಲ್ಲಿಟ್ಟಿದ್ದಾರೆ ನೋಡಿ. ‘ಕಾಮನ್ ಸೆನ್ಸ್ ಮೀಡಿಯಾ’ ತಾಣದಲ್ಲಿ ಪುಸ್ತಕಕ್ಕೆ ವಯಸ್ಸಿನ ಜತೆ ಕಾರಣವನ್ನೂ ಬರೆದಿರುತ್ತಾರೆ. ವಯಸ್ಸಿಗಿಂತ ಕಾರಣ ಓದಿ.

500 ವರ್ಷದ ಪ್ರಿಯಕರನ ವಿಷಯದಲ್ಲಿ ‘ನೋಡಲು ಹದಿನೇಳೇ’ ಎನ್ನುವುದು ಮಾಮೂಲಿ ಸಮರ್ಥನೆ. 2005ರ ‘ಟ್ವೈಲೈಟ್’ನ ರಕ್ತಪಿಶಾಚಿ ನಾಯಕ ಎಡ್ವರ್ಡ್ ಹುಟ್ಟಿದ್ದು 1901ರಲ್ಲಿ, ದೇಹ ಹದಿನೇಳರದ್ದು. ನಮ್ಮ ಮಟ್ಟಿಗೆ ವಯಸ್ಸಿನ ಅಂಕಿಗಿಂತ ಮುಖ್ಯವಾದದ್ದು, ಅವಳು ಬೇಡ ಅಂದಾಗ ಏನಾಗುತ್ತದೆ ಎಂಬುದು. ಎಡ್ವರ್ಡ್ ಹುಡುಗಿಗೆ ತಿಳಿಯದಂತೆ ಅವಳ ಕೋಣೆಗೆ ಬಂದು ಮಲಗಿದ್ದವಳನ್ನು ನೋಡುತ್ತಾ ಇರುತ್ತಾನೆ, ಕಥೆ ಅದನ್ನು ಪ್ರೀತಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಪುಸ್ತಕ ಕಿತ್ತಿಡುವುದಕ್ಕಿಂತ, ನಿನ್ನ ಕ್ಲಾಸಿನ ಹುಡುಗ ಹೀಗೆ ಮಾಡಿದ್ದರೆ ಅಂತ ಮಗಳನ್ನು ಕೇಳುವುದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ನಮ್ಮ ಕರಾವಳಿಯ ಭೂತಾರಾಧನೆ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಹದಿಹರೆಯದವರ ಫ್ಯಾಂಟಸಿ ಬರೆಯುವ ಆಸೆ. ಪರಸಂಸ್ಕೃತಿ ಕದ್ದರು ಎಂಬ ಗಲಾಟೆ ಓದಿ ಹೆದರಿಕೆಯಾಗಿದೆ. (ಉಡುಪಿ ಮೂಲದ ಓದುಗರು, ಬೆಂಗಳೂರು)

ಆ ಗಲಾಟೆಗಳಲ್ಲಿ ಹುರುಳಿರುವವು ಸಣ್ಣ ವಿವರಗಳಿಂದಲೇ ಶುರುವಾದವು. 2012ರ ‘ಶ್ಯಾಡೋ ಅಂಡ್ ಬೋನ್’ ರಷ್ಯಾದ ಛಾಯೆಯ ರಾಜ್ಯದಲ್ಲಿ ನಡೆಯುತ್ತದೆ. ನಾಯಕಿ ಅಲೀನಾ ಸ್ಟಾರ್ಕೊವ್. ರಷ್ಯನ್ ರೂಢಿಯಲ್ಲಿ ಹೆಣ್ಣಿನ ಅಡ್ಡಹೆಸರು ಸ್ಟಾರ್ಕೊವಾ ಆಗಬೇಕಿತ್ತು. ಮಾಂತ್ರಿಕ ಪಡೆಗೆ ಇಟ್ಟ ‘ಗ್ರಿಷಾ’ ಎಂಬ ಹೆಸರು ಗ್ರಿಗೊರಿ ಎಂಬವನನ್ನು ಮನೆಯಲ್ಲಿ ಕರೆಯುವ ಮುದ್ದಿನ ಹೆಸರು. ನಮ್ಮಲ್ಲಿ ಭಯಂಕರ ಸೈನ್ಯವೊಂದಕ್ಕೆ ‘ಪುಟ್ಟಣ್ಣ’ ಅಂತ ಹೆಸರಿಟ್ಟ ಹಾಗೆ. ಭಾಷೆ ಬಲ್ಲ ಒಬ್ಬರಿಗೆ ಹಸ್ತಪ್ರತಿ ತೋರಿಸಿದ್ದರೆ ತಪ್ಪುವಂಥವು ಇವು.

ನಿಮ್ಮ ವಸ್ತು ಇನ್ನೂ ಸೂಕ್ಷ್ಮ, ಏಕೆಂದರೆ ಅದು ಇಂದಿಗೂ ನಡೆಯುವ ಆರಾಧನೆ. ಪಂಜುರ್ಲಿಗೂ ಗುಳಿಗನಿಗೂ ಅವರ ಕಥೆ ಹಾಡುವ ತುಳು ಪಾಡ್ದನಗಳಿವೆ, ಸ್ಥಾನಗಳಿವೆ, ಸೇವೆ ಮಾಡಿಕೊಂಡು ಬಂದ ಮನೆತನಗಳಿವೆ. ಅವರ ಹೆಸರಿಟ್ಟು ಬರೆಯುವುದಾದರೆ ಪಾಡ್ದನದ ಕಥೆಗೆ ಬದ್ಧರಾಗಿರಿ, ಕೋಲ ಕಟ್ಟುವ ಸಮುದಾಯದವರಿಗೆ ಓದಿಸಿ. ನಾಯಕಿ ಯುದ್ಧ ಮಾಡಿ ಸೋಲಿಸುವ ರಾಕ್ಷಸ ಬೇಕಿದ್ದರೆ ದೈವದ ಹೆಸರು ಬಿಟ್ಟು ಹೊಸದನ್ನೇ ಕಲ್ಪಿಸಿಕೊಳ್ಳಿ. ಎರಡರ ನಡುವೆ ಅರ್ಧಂಬರ್ಧ ನಿಂತರೆ ಕರಾವಳಿಯಲ್ಲೂ ಬೈಸಿಕೊಳ್ಳುತ್ತೀರಿ, ಹೊರಗಿನವರಿಗೂ ಹೊಳೆಯುವುದಿಲ್ಲ. ಇಂಗ್ಲಿಷ್ ಓದುಗನಿಗಾಗಿ ಪ್ರತಿ ಪದಕ್ಕೂ ವಿವರಣೆ ಕೊಡುವ ಚಾಳಿಯೂ ಬೇಡ. ದೈವದ ವೇಷದ ಅಣಿ ಎಂದರೇನೆಂದು ಅದನ್ನು ಕಟ್ಟುವ ದೃಶ್ಯವೇ ಹೇಳಲಿ.

ಪ್ರಶ್ನೆ: ‘ನಾನು ಓಡುತ್ತೇನೆ, ನಾನು ನೋಡುತ್ತೇನೆ’ ಎಂದು ಎಲ್ಲರೂ ವರ್ತಮಾನದಲ್ಲೇ ಬರೆಯುವುದೇಕೆ? (ಕಾಲೇಜು ಅಧ್ಯಾಪಕಿ, ಧಾರವಾಡ)

‘ದಿ ಹಂಗರ್ ಗೇಮ್ಸ್’ ಗೆದ್ದ ಮೇಲೆ ಬೆಳೆದ ಹುಚ್ಚು. ಅಲ್ಲಿ ಅದಕ್ಕೆ ಕಾರಣವಿತ್ತು: ಹೇಳುವವಳು ಮುಂದಿನ ಕ್ಷಣ ಬದುಕಿರುತ್ತಾಳೋ ಇಲ್ಲವೋ ಗೊತ್ತಿಲ್ಲ. ಆ ಕಾರಣವಿಲ್ಲದ ಕಥೆಗಳಲ್ಲಿ ಎಲ್ಲ ನಾಯಕಿಯರ ದನಿಯೂ ಒಂದೇ ಆಗಿಬಿಡುತ್ತದೆ. ಎರಡು ಪಾತ್ರಗಳು ಸರದಿಯಲ್ಲಿ ‘ನಾನು’ ಎನ್ನುವ ಪುಸ್ತಕವಾದರೆ ಅಧ್ಯಾಯದ ಹೆಸರು ಮುಚ್ಚಿ ಒಂದು ಪುಟ ಓದಿ. ಯಾರು ಮಾತಾಡುತ್ತಿದ್ದಾರೆಂದು ತಿಳಿಯದಿದ್ದರೆ ಪುಸ್ತಕ ಸೋತಿದೆ.

ಪ್ರಶ್ನೆ: ಮೂರು ಸಂಪುಟಗಳಲ್ಲಿ ನಡುವಿನದು ಯಾವಾಗಲೂ ಸಪ್ಪೆ, ಯಾಕೆ? (ಪಿಯುಸಿ ವಿದ್ಯಾರ್ಥಿನಿ, ತುಮಕೂರು)

ಎರಡು ಪುಸ್ತಕದ ಸರಕನ್ನು ಮೂರಕ್ಕೆ ಹಿಗ್ಗಿಸಿದಾಗ ನಡುವಿನದಕ್ಕೆ ಪ್ರಯಾಣ, ಜಗಳ, ಪ್ರೇಮಿಗಳ ಅಗಲಿಕೆ ಬಿಟ್ಟರೆ ಏನೂ ಸಿಗುವುದಿಲ್ಲ. ಎರಡನೆಯ ಹುಡುಗ ಪ್ರತ್ಯಕ್ಷನಾಗುವುದೂ ಹೆಚ್ಚಾಗಿ ಅಲ್ಲೇ. ಅದಕ್ಕೆ ತನ್ನದೇ ಒಂದು ಪ್ರಶ್ನೆ ಇದ್ದು ಅದೇ ಸಂಪುಟದಲ್ಲಿ ಉತ್ತರ ಸಿಕ್ಕರೆ ಸಪ್ಪೆಯಾಗದು. ಅಷ್ಟಿಲ್ಲದಿದ್ದರೆ ಅದರ ಕೊನೆಯ ಮೂರು ಅಧ್ಯಾಯ ಓದಿ ನೇರ ಮೂರನೆಯದಕ್ಕೆ ಹೋಗಿ. ಕಥೆ ಎಲ್ಲೂ ತೊಡಕಾಗದಿದ್ದರೆ ನಡುವಿನದು ಬೇಕಿರಲಿಲ್ಲ ಎಂದರ್ಥ.